ಬೇಟೆಗಾರನೂ ಆಗದೆ, ಬೇಟೆಯೂ ಆಗದೆ

1979ರಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’ ನವ್ಯದ ಅಸ್ತಿತ್ವ ಚಿಂತನೆಯನ್ನು ಅಗ್ರಹಾರದಿಂದ ಆಫೀಸಿಗೆ ತಂದ ಕಾದಂಬರಿ. ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರು ಧರ್ಮಗ್ರಂಥಗಳಲ್ಲಿ ಉತ್ತರ ಸಿಗದೆ ಕಂಗೆಟ್ಟವರು. ‘ಶಿಕಾರಿ’ಯ ನಾಗಪ್ಪನನ್ನು ಕಂಗೆಡಿಸುವುದು ಮುಂಬಯಿಯ ಕಂಪನಿಯೊಂದರ ಕಡತ. ದೊಡ್ಡ ಹುದ್ದೆಗೇರಿದವನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಹೂಡುತ್ತಾರೆ. ತಪ್ಪೇನೆಂದು ಬಿಡಿಸಿ ಹೇಳುವವರಿಲ್ಲ. ಕಾಫ್ಕಾನ ‘ದಿ ಟ್ರಯಲ್’ ನೆನಪಾಗುವುದು ಸಹಜ. ಆದರೆ ಕಾಫ್ಕಾನಲ್ಲಿ ನ್ಯಾಯಾಲಯಕ್ಕೆ ಮುಖವೇ ಇಲ್ಲ, ಇಲ್ಲಿ ಬೇಟೆಗಾರರೆಲ್ಲ ಪರಿಚಿತರು. ಮುಂಬಯಿಯ ಉದ್ಯಮದಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದ ಚಿತ್ತಾಲರಿಗೆ ಈ ಭಯದ ಒಳಗುಟ್ಟು ಗೊತ್ತಿತ್ತು: ಸಂಸ್ಥೆ ಮನುಷ್ಯನನ್ನು ಹಣಿಯುವುದು ಅವನೊಳಗೆ ಮೊದಲೇ ಇರುವ ಅಂಜಿಕೆಯನ್ನು ಬಳಸಿಕೊಂಡು. ‘ನಾಲ್ಕು ಜನ ಏನಂದಾರು’ ಎಂಬ ಹಳ್ಳಿಯ ಅಳುಕೇ ನಗರದಲ್ಲಿ ವಿಚಾರಣಾ ಸಮಿತಿಯ ರೂಪ ತಾಳುತ್ತದೆ. ಹೀಗಾಗಿ ನಾಗಪ್ಪನ ನಿಜವಾದ ಹೋರಾಟ ನಿರ್ದೋಷಿ ಎನಿಸಿಕೊಳ್ಳುವುದಕ್ಕಲ್ಲ. ಇತರರು ಬರೆದ ತನ್ನ ಕತೆಯನ್ನು ತಾನೇ ನಂಬಿಬಿಡದಿರುವುದಕ್ಕೆ. ಕಾದಂಬರಿಯ ನೈತಿಕ ತಿರುಳು ಇದೇ: ಬೇಟೆಯಾಗದಿರಲು ಬೇಟೆಗಾರನಾಗುವುದೊಂದೇ ದಾರಿ ಎಂಬ ನಂಬಿಕೆಯನ್ನು ಅದು ಒಪ್ಪುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಅದೇ 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ ನವ್ಯದ ಒಂಟಿ ವ್ಯಕ್ತಿಯನ್ನು ಪ್ರಶ್ನಿಸಿತು. ಜಾತಿ, ಹಸಿವುಗಳ ಎದುರು ಅಧಿಕಾರಿಯೊಬ್ಬನ ತಳಮಳಕ್ಕೆ ಎಷ್ಟು ತೂಕ? ಆಕ್ಷೇಪದಲ್ಲಿ ಸತ್ಯವಿದೆ. ಎಲ್ಲವೂ ನಾಗಪ್ಪನ ಮನಸ್ಸಿನ ಮೂಲಕವೇ ಹಾಯುವುದರಿಂದ ಉಳಿದವರು, ಅದರಲ್ಲೂ ಹೆಂಗಸರು, ಅವನ ಶಂಕೆಯ ನೆರಳುಗಳಾಗಿಬಿಡುತ್ತಾರೆ. ಇದು ಕೃತಿಯ ನಿಜವಾದ ಕೊರತೆ. ಆದರೆ ವ್ಯಕ್ತಿಯ ಪ್ರಾಮಾಣಿಕತೆ ಸಮುದಾಯಕ್ಕೆ ಎದುರಾಳಿಯಲ್ಲ. ತನಗಾಗಿ ಆಯ್ದುಕೊಳ್ಳುವವನು ಎಲ್ಲರ ಪರವಾಗಿಯೂ ಆಯ್ದುಕೊಳ್ಳುತ್ತಾನೆ ಎಂದು ದಾರ್ಶನಿಕ ಸಾರ್ತ್ರ್ 1945ರ ಉಪನ್ಯಾಸದಲ್ಲಿ ವಾದಿಸಿದ್ದ. ಸಹೋದ್ಯೋಗಿಯ ಮೇಲಿನ ಸುಳ್ಳು ವರದಿಗೆ ಸಹಿ ಹಾಕಲಾರೆ ಎನ್ನುವ ಒಬ್ಬನಿಲ್ಲದೆ ಯಾವ ಸಂಘಟನೆಯೂ ಮೊದಲಾಗದು.

ನಾಗಪ್ಪನ ಭಯ ಇಂದಿನ ಬೆಂಗಳೂರಿನದೂ ಹೌದು. ಇಲ್ಲಿನ ಕೆಂಗೇರಿಗೆ ಮೆಟ್ರೊ ಬಂದದ್ದು 2021ರಲ್ಲಿ. ಅದೇ ನೇರಳೆ ಮಾರ್ಗ 2023ರಿಂದ ವಿಜಯನಗರವನ್ನು ಹಾದು ವೈಟ್‌ಫೀಲ್ಡ್‌ವರೆಗೂ ಎಡೆಬಿಡದೆ ಓಡುತ್ತಿದೆ. ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡು ಅದರಲ್ಲಿ ಓಡಾಡುವವರಿಗೆ ರೇಟಿಂಗ್, ಅಪ್ರೈಸಲ್, ಲೇಆಫ್ ದಿನಬಳಕೆಯ ಮಾತುಗಳು. ಅವರ ಬದುಕಿಗೆ ಇಷ್ಟು ಹತ್ತಿರದ ಕನ್ನಡ ಕಾದಂಬರಿಗಳು ಕಡಿಮೆ. ‘ಶಿಕಾರಿ’ ಅವರಿಗೆ ಬಿಡುಗಡೆಯ ಭರವಸೆ ಕೊಡುವುದಿಲ್ಲ. ಆದರೆ ಕಡತದಲ್ಲಿರುವ ಹೆಸರು ತಾವಲ್ಲ ಎಂಬ ಎಚ್ಚರ ಕೊಡುತ್ತದೆ. ಕೊರತೆಗಳ ನಡುವೆಯೂ ಅದು ದೊಡ್ಡ ಕೃತಿಯಾಗಿ ಉಳಿದಿರುವುದು ಈ ಎಚ್ಚರದಿಂದಲೇ.