ಮಾರಿ ಯಾರ ಮೈಗೆ ದಾಟಿತು?

ತುಳುನಾಡಿನಲ್ಲಿ ಪ್ರಳಯ ವರ್ಷಕ್ಕೊಮ್ಮೆ ಬರುತ್ತಿತ್ತು. ಅದಕ್ಕೊಂದು ತಿಂಗಳೇ ಮೀಸಲು: ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬಿಡದೆ ಸುರಿಯುವ ಮಳೆ. ನೇಜಿ ನೆಟ್ಟು ಮುಗಿದಿದೆ, ಕೈಗೆ ಕೆಲಸವಿಲ್ಲ. ಮುಡಿ ಕಟ್ಟಿಟ್ಟ ಅಕ್ಕಿ ತಳ ಕಂಡಿದೆ. ತಜಂಕಿನ ಸೊಪ್ಪು, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಇಷ್ಟರಲ್ಲೇ ಮನೆ ನಡೆಯಬೇಕು. ಆಗಲೇ ವಾಂತಿಭೇದಿ, ಚಳಿಜ್ವರ. ಮೊದಲು ಹೋಗುವವು ಮಕ್ಕಳು. ಕಾಯಬೇಕಾದ ದೈವಗಳೂ ಊರಲ್ಲಿಲ್ಲ. ಆಟಿಯಲ್ಲಿ ಅವು ಘಟ್ಟ ಹತ್ತಿ ಹೋಗುತ್ತವೆಂಬ ನಂಬಿಕೆ, ಕೋಲವಿಲ್ಲ, ನೇಮವಿಲ್ಲ. ಕಾವಲಿಲ್ಲದ ಊರಿನಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಹೊಣೆ ಹೆತ್ತವರದು.

ಮಂಗಳೂರಿನ ಕುದ್ರೋಳಿಯ ಸುತ್ತ ಈ ಭಯಕ್ಕೆ ಕಟ್ಟಿದ ಗುಡಿಗಳು ಒತ್ತೊತ್ತಾಗಿವೆ. ನಡೆದು ಹೋಗುವಷ್ಟು ದೂರದಲ್ಲಿ ಉರ್ವದ ಮಾರಿಗುಡಿ, ಊರಿನ ತೆಂಕು ಬದಿಗೆ ಬೋಳಾರದ ಮಾರಿಗುಡಿ. ಕುದ್ರೋಳಿಯಲ್ಲೇ ತೀಯಾ ಸಮುದಾಯದ ಭಗವತೀ ಕ್ಷೇತ್ರವಿದೆ. ಕೇರಳದ ಕಡೆಯಿಂದ ಬಂದ ಚೀರುಂಬಾ ಭಗವತಿಯ ಪರಂಪರೆಯಲ್ಲಿ ಸಿಡುಬು ದೇವಿಯ ಕೈಯಲ್ಲೇ ಇರುವ ವಸ್ತು. ಬಡಗು ದಿಕ್ಕಿಗೆ ಹೋದರೆ ಕಾಪುವಿನ ಮಾರಿಗುಡಿಗಳು, ಅಲ್ಲಿ ವರ್ಷಕ್ಕೆ 3 ಸಲ, ಸುಗ್ಗಿ, ಆಟಿ, ಜಾರ್ದೆ ಎಂದು ಮಾರಿಪೂಜೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಮಾರಿಪೂಜೆಗೆ ಸೇರುವ ಜನ ಆಮೇಲೂ ಕಡಿಮೆಯಾಗಲಿಲ್ಲ.

ಈ ಪರಂಪರೆಯ ಬಗ್ಗೆ ನಮ್ಮಲ್ಲಿ ಬರುವ ಬರಹ ಎರಡೇ ಬಗೆಯದು. ಒಂದು ಮೂಢನಂಬಿಕೆಯೆಂದು ಕೈತೊಳೆಯುವುದು, ಇನ್ನೊಂದು ಸಂಸ್ಕೃತಿಯೆಂದು ಕೈಮುಗಿಯುವುದು. ಮಕ್ಕಳನ್ನು ಕಾಯುವ ಈ ಕ್ರಮಗಳಲ್ಲಿ ಮಾರಿ ಹೋಗುವುದು ಎಲ್ಲಿಗೆ ಎಂದು ಎರಡೂ ಕೇಳುವುದಿಲ್ಲ.

ಆಟಿಯಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜನನ್ನೇ ನೋಡಿ. ಸೊಂಟಕ್ಕೆ ತೆಂಗಿನ ಎಳೆಗರಿಯ ತಿರಿ, ಕಾಲಿಗೆ ಗಗ್ಗರ, ಮುಖಕ್ಕೆ ಬಣ್ಣ, ತಲೆಗೆ ಹಾಳೆಯ ಟೊಪ್ಪಿ, ಕೈಯಲ್ಲಿ ತಾಳೆಗರಿಯ ಸತ್ತಿಗೆ. ಜೊತೆಗಾರ ತೆಂಬರೆ ಬಡಿಯುತ್ತ ಪಾಡ್ದನ ಹೇಳುತ್ತಾನೆ. ಕಳೆಂಜ ಕೆಸರು ಅಂಗಳದಲ್ಲಿ ಸತ್ತಿಗೆ ತಿರುಗಿಸುತ್ತ ಹೆಜ್ಜೆ ಹಾಕುತ್ತಾನೆ. ಮನೆಯೊಡತಿ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಹುಳಿ, ಅರಸಿನ, ಒಂದು ತುಂಡು ಮಸಿ ಇಟ್ಟು ಕೊಡುತ್ತಾಳೆ. ಅರಸಿನ, ಸುಣ್ಣ ಕದಡಿದ ಕೆಂಪು ನೀರನ್ನು, ಅಂದರೆ ಕುರ್ದಿಯನ್ನು, ಮನೆಯವರಿಗೂ ದನಕರುಗಳಿಗೂ ಸುಳಿದು ಚೆಲ್ಲುತ್ತಾರೆ. ಮನೆಯ ಮಾರಿ ಕಳೆಯಿತು. ಕಳೆಂಜ ಅದನ್ನು ಹೊತ್ತುಕೊಂಡು ಮುಂದಿನ ಮನೆಗೆ ನಡೆದ.

ಕಳೆಂಜ ಕಟ್ಟುವವರು ನಲಿಕೆ ಸಮುದಾಯದವರು; ಎಷ್ಟೋ ಕಡೆ ಹದಿಹರೆಯದ ಹುಡುಗರು. ಊರಿನ ಮಕ್ಕಳೆಲ್ಲ ಬೆಚ್ಚಗೆ ಜಗಲಿಯಲ್ಲಿ ಕೂತಿರುವಾಗ ಒಬ್ಬ ಹುಡುಗ ಆಟಿಯ ಮಳೆಯಲ್ಲಿ, ಬರಿಮೈಗೆ ತಿರಿ ಸುತ್ತಿಕೊಂಡು ಮನೆಮನೆಯ ಮಾರಿಯನ್ನು ಹೊರುತ್ತಿದ್ದ. ಅವನಿಗೆ ಅಕ್ಕಿ ಸಿಗುತ್ತಿರಲಿಲ್ಲವೇ, ಗೌರವವಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತಿತ್ತು. ಊರೆಲ್ಲ ಹಸಿದ ತಿಂಗಳಲ್ಲಿ ಆ ಅಕ್ಕಿಗೆ ಬೆಲೆಯೂ ಹೆಚ್ಚು. ಹಾಗಾಗಿಯೇ ಒಲ್ಲೆ ಎನ್ನುವ ದಾರಿ ಅವನ ಮನೆಯವರಿಗಿರಲಿಲ್ಲ.

ಕಳೆಂಜನಲ್ಲಿ ಹಾಡು, ಕುಣಿತದ ಮರೆಯಲ್ಲಿದ್ದದ್ದು ಕೊರಗ ಸಮುದಾಯದವರ ಮೇಲೆ ಹೇರಿದ ಅಜಲು ಪದ್ಧತಿಯಲ್ಲಿ ಬೆತ್ತಲೆಯಾಗಿ ನಿಂತಿತ್ತು. ರೋಗಿಯ ಅಥವಾ ಬಸುರಿಯ ಕೂದಲು, ಉಗುರು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಕೆಡುಕು ಅವರಿಗೆ ದಾಟುತ್ತದೆ ಎಂಬ ನಂಬಿಕೆ ಅದು. ಹುಟ್ಟುವ ಮಗು ಕ್ಷೇಮವಾಗಿರಲೆಂದು ಒಬ್ಬ ತಾಯಿ ಅನ್ನ ಕಲಸುತ್ತಾಳೆ. ತನ್ನ ಮಗುವಿನ ಹೊಟ್ಟೆ ತುಂಬಲೆಂದು ಇನ್ನೊಬ್ಬ ತಾಯಿ ಅದನ್ನು ಉಣ್ಣುತ್ತಾಳೆ. ಇದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಇದೇ ನಂಬಿಕೆಯ ಇನ್ನೊಂದು ಮುಖ, ಹೆತ್ತ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದೆ ಹುಟ್ಟಿದ ಕೂಸಿಗೆ ಕೊರಗಪ್ಪ, ಕೊರಪೊಳು ಎಂದು ಹೆಸರಿಡುವುದು. ಘಟ್ಟದ ಮೇಲಿನ ತಿಪ್ಪಣ್ಣ, ತಿಪ್ಪಮ್ಮರ ಹಾಗೆ: ಇದು ಯಾರಿಗೂ ಬೇಡದ ಕೂಸು, ಮುಟ್ಟಬೇಡ ಎಂದು ಮೃತ್ಯುವಿನ ಕಣ್ಣಿಗೆ ಮಣ್ಣೆರಚುವ ಉಪಾಯ. ಉಪಾಯ ಕರುಳಿನದೇ. ಆದರೆ ಮೃತ್ಯುವಿಗೂ ಬೇಡದವರು ಯಾರೆಂಬ ಪಟ್ಟಿಯನ್ನು ಊರು ಮೊದಲೇ ಮಾಡಿಟ್ಟಿತ್ತು.

ಇಷ್ಟು ಹೇಳಿದ ಮೇಲೆ ಪಾಲೆಯ ಕಷಾಯದ ಮಾತೂ ಬರಬೇಕು. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಪಾಲೆಯ, ಅಂದರೆ ಹಾಲೆ ಮರದ, ತೊಗಟೆ ತರುತ್ತಾನೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದ ರಸಕ್ಕೆ ಕೆಂಪಗೆ ಕಾಯಿಸಿದ ಬೊಳ್ಳಗಲ್ಲನ್ನು ಹಾಕಿದರೆ ಚುಂಯ್ ಎನ್ನುತ್ತದೆ. ಮಕ್ಕಳ ಮೂಗು ಹಿಡಿದಾದರೂ ಕುಡಿಸಿ, ಮೇಲಿಂದ ಮೆಂತೆ ಗಂಜಿ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಪ್ರಾಣಕ್ಕೇ ಕುತ್ತು, ನಿಜ. ಆದರೂ ಇಲ್ಲಿ ಕಹಿ ಉಣ್ಣುವುದು ಅವರವರ ಮನೆಯ ಬಾಯಿಯೇ.

ಹುಲಿವೇಷದ ಹರಕೆಯಲ್ಲಿ ನನಗೆ ಗೌರವ ಹುಟ್ಟುವುದೂ ಇದೇ ಕಾರಣಕ್ಕೆ. ಕಾಯಿಲೆ ಬಿದ್ದ ಮಗು ಎದ್ದರೆ ನವರಾತ್ರಿಗೆ ಹುಲಿ ಹಾಕಿಸುತ್ತೇನೆ ಎಂದು ತಾಯಿ ದೇವಿಗೆ ಹೇಳಿಕೊಳ್ಳುತ್ತಾಳೆ. ನಡೆಯಲಾರದ ಮಗ ನಡೆದನೆಂದು ಹೀಗೆ ಹರಕೆ ತೀರಿಸಿದ ಕತೆಯನ್ನು ಮಂಗಳೂರಿನಲ್ಲಿ ಈಗಲೂ ಹೇಳುತ್ತಾರೆ. ಮರಿಹುಲಿಗೆ ಬಣ್ಣ ಬಳಿಯುವುದನ್ನು ಹತ್ತಿರದಿಂದ ನೋಡಿದರೆ ಹರಕೆಯ ಭಾರ ತಿಳಿಯುತ್ತದೆ. ಮೊದಲು ಮೈಯಿಡೀ ಬಿಳಿ, ಅದು ಒಣಗಿದ ಮೇಲೆ ಹಳದಿ, ಆಮೇಲೆ ಪಟ್ಟೆ. ಹುಡುಗ ಕೈಕಾಲು ಅಗಲಿಸಿ ಕೋಲು ಹಿಡಿದು ನಿಂತೇ ಇರಬೇಕು. ಕೂತರೆ ಬಣ್ಣ ಕೀಳುತ್ತದೆ. ಪೈಂಟಿಗೆ ಚರ್ಮ ಉರಿಯುತ್ತದೆ, ನಿದ್ದೆ ಎಳೆಯುತ್ತದೆ. ಅಪ್ಪ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿರುತ್ತಾನೆ. ತಾಸೆಯ ಪೆಟ್ಟು ಬಿದ್ದ ಕೂಡಲೇ ಅದೇ ಹುಡುಗ ಎಗರುತ್ತಾನೆ. ಇಲ್ಲಿ ಸಾಲ ಮಾಡಿದ ಮನೆಯೇ ಸಾಲ ತೀರಿಸುತ್ತದೆ, ತನ್ನ ಮಗುವಿನ ಮೈಯಲ್ಲೇ. ಕೆಡುಕು ಗಡಿ ದಾಟಿ ಇನ್ನೊಬ್ಬರ ಅಂಗಳಕ್ಕೆ ಬೀಳುವುದಿಲ್ಲ.

ಹರಕೆಗೆ ಕತ್ತಲ ಬದಿಯೂ ಇದೆ, ಅದನ್ನು ತೋರಿಸುವುದು ಸಿರಿ ಪಾಡ್ದನ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯ 15,683 ಸಾಲುಗಳದು. ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಅದನ್ನು 1998ರಲ್ಲಿ ಪ್ರಕಟಿಸಿತು. ಅದರ ಕೊನೆಯ ತಲೆಮಾರಿನಲ್ಲಿ ಸಿರಿಯ ಮಗಳು ಸೊನ್ನೆಗೆ ಬೆರ್ಮೆರ್ ದೈವಕ್ಕೆ ಹೊತ್ತ ಹರಕೆಯಿಂದ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಾರೆ, ಅಬ್ಬಗ ಮತ್ತು ದಾರಗ. ಮಕ್ಕಳು ಬೆಳೆದ ಸಂಭ್ರಮದಲ್ಲಿ ಹೆತ್ತವರು ಹರಕೆ ಮರೆಯುತ್ತಾರೆ. ಚೆನ್ನೆಮಣೆ ಆಡಲು ಕೂತ ಅಕ್ಕತಂಗಿಯರಿಗೆ ಜಗಳ ಹತ್ತಿ, ಒಬ್ಬಳ ಏಟಿಗೆ ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಿಷೇಧ ಇವತ್ತಿಗೂ ಇದೆ. ಕಾವ್ಯವಾಗಿ ಈ ಭಾಗ ಕರುಳು ಕಿತ್ತು ಬರುವಂಥದ್ದು. ಆದರೆ ಇದು ಹೆತ್ತವರಿಗೆ ಕಲಿಸಿದ ಪಾಠ ಭಯಂಕರ: ಮಗುವಿಗೆ ಏನಾದರೂ ಆದರೆ ನಿನ್ನ ತಪ್ಪನ್ನೇ ಹುಡುಕು.

ಈ ಪಾಠದ ಬೆಲೆ ಎಷ್ಟೆಂದು ಗೊತ್ತಾದದ್ದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ. ಒಂದೇ ಊರಿನ ಮನೆಮನೆಗಳಲ್ಲಿ ತಲೆ ದಪ್ಪಗಾದ, ಕೈಕಾಲು ಸೊಟ್ಟಗಿನ, ಬುದ್ಧಿ ಬೆಳೆಯದ ಮಕ್ಕಳು. ಜಟಾಧಾರಿ ದೈವದ ಮುನಿಸೆಂದು ಊರವರು ನಂಬಿದರು. ಪ್ರಶ್ನೆ ಇಡಿಸಿದರು, ಹರಕೆ ಹೊತ್ತರು. ಅತ್ತ ಗೇರುತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಹೆಲಿಕಾಪ್ಟರ್ 1970ರ ದಶಕದ ಕೊನೆಯಿಂದ ಎಂಡೋಸಲ್ಫಾನ್ ಸುರಿಯುತ್ತಲೇ ಇತ್ತು. ಗುಡ್ಡದ ನೀರು ಇಳಿದು ಬರುತ್ತಿದ್ದದ್ದು ಇದೇ ಮನೆಗಳ ತೋಡಿಗೆ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಬೆನ್ನುಬಿದ್ದು ಬರೆದ ಮೇಲೆ ಲೋಕದ ಕಣ್ಣು ಇತ್ತ ತಿರುಗಿತು. ಸಿಂಪಡಣೆ ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ತಡೆ ಹಾಕಿದ್ದು 2011ರಲ್ಲಿ. ಸಿಂಪಡಣೆಯ ಅಷ್ಟೂ ವರ್ಷ ತಂದೆತಾಯಿ ತಮ್ಮ ಹಿರಿಯರ ತಪ್ಪನ್ನೂ ನಾಗಬನದ ಮೈಲಿಗೆಯನ್ನೂ ಎಣಿಸುತ್ತಿದ್ದರು. ಆಫೀಸಿನಲ್ಲಿ ಕೂತು ಆದೇಶಕ್ಕೆ ಸಹಿ ಹಾಕುವ ಮಾರಿ ಈ ಪರಂಪರೆಗೆ ಗುರುತು ಸಿಗುವಂಥದ್ದಾಗಿರಲಿಲ್ಲ.

ಮಗುವನ್ನು ಕಾಯುವುದು ಹೇಗೆಂಬ ಪ್ರಶ್ನೆಗೆ ಬೇರೆ ಉತ್ತರ ಕೊಡಲು ಹೊರಟ ಜಾಗ ಕುದ್ರೋಳಿ. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದ ಬಿಲ್ಲವರ ಪರವಾಗಿ ನಾರಾಯಣ ಗುರುಗಳನ್ನು ಮಂಗಳೂರಿಗೆ ಬರಮಾಡಿಕೊಂಡವರಲ್ಲಿ ಮುಂದಾಳು ಹೊಯಿಗೆಬಜಾರಿನ ಸಾಹುಕಾರ ಕೊರಗಪ್ಪ. ಮಕ್ಕಳು ಉಳಿಯದ ಮನೆಗಳು ಕೂಸಿಗಿಡುತ್ತಿದ್ದ ಅದೇ ಹೆಸರು. 1912ರಲ್ಲಿ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಪ್ರಾಣಿಬಲಿಯನ್ನೂ ಹೆಂಡವನ್ನೂ ಅವರು ಒಪ್ಪಲಿಲ್ಲ. ಗುಡಿಗಿಂತ ಹೆಚ್ಚಾಗಿ ಹೇಳಿದ್ದು ಶಾಲೆಯ ಮಾತು. ಕೆಡುಕನ್ನು ಇನ್ನೊಂದು ಜೀವದ ಮೇಲೆ ದಾಟಿಸಬಾರದು, ಮಗುವಿಗೆ ಓದು ಕೊಡಬೇಕು: ನಾನು ಓದಿದಂತೆ ಕುದ್ರೋಳಿಯ ಹೊಸತನ ಇಷ್ಟೇ, ಆದರೆ ಇದು ಸಣ್ಣದಲ್ಲ. 1991ರಲ್ಲಿ ಜನಾರ್ದನ ಪೂಜಾರಿಯವರ ಮುಂದಾಳ್ತನದಲ್ಲಿ ಕ್ಷೇತ್ರ ಹೊಸ ಕಟ್ಟಡ ಪಡೆಯಿತು, ದಸರಾ ಬೆಳೆಯಿತು, 2013ರಲ್ಲಿ ವಿಧವೆಯರು ಇಲ್ಲಿ ಅರ್ಚಕರಾದರು. ಗುರುವಿನ ಮಾತಿಗೆ ಹತ್ತಿರದ್ದು ಆ ಕೊನೆಯದೇ. ದಸರಾದ ದೀಪಾಲಂಕಾರದ ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ. ಹರಕೆಯ ಹುಲಿಗಿಂತ ಬಹುಮಾನದ ಹುಲಿ ಈಗ ದೊಡ್ಡದು. ಬಲಿ ಬಿಟ್ಟದ್ದು ಸುಲಭ, ದಾಟಿಸುವ ಅಭ್ಯಾಸ ಬಿಡುವುದು ಕಷ್ಟ. ಗುರುವಿಗೆ ಹೂ ಹಾಕಿ ಬಂದ ಕೈಯೇ ಆಟಿ ಬಂದರೆ ಕಳೆಂಜನ ದಾರಿ ಕಾಯುತ್ತದೆ.

ಆ ದಾರಿಯಲ್ಲಿ ಈಗ ಕಳೆಂಜ ಬರುವುದು ಅಪರೂಪ. ಆಟಿಯೆಂದರೆ ಸಭಾಭವನದ ‘ಆಟಿಡೊಂಜಿ ದಿನ’: ಬಾಳೆಲೆಯಲ್ಲಿ ಪತ್ರೊಡೆ, ತಜಂಕಿನ ಅಂಬಡೆ, ಮೈಕಿನಲ್ಲಿ ಹಳೆಯ ಕಷ್ಟದ ನೆನಪು. ವೇದಿಕೆಯ ಮೇಲೆ ಕಳೆಂಜ ಐದು ನಿಮಿಷ ಕುಣಿಯುತ್ತಾನೆ. ಕೆಲವು ಕಡೆ ಯುವಕ ಮಂಡಲದ ಹುಡುಗರೇ ತಿರಿ ಕಟ್ಟುತ್ತಾರೆ. ನಲಿಕೆಯವರ ಹೊಸ ತಲೆಮಾರು ಮುಂದೆ ಬರುತ್ತಿಲ್ಲ, ಪರಂಪರೆ ನಶಿಸುತ್ತಿದೆ ಎಂದು ಭಾಷಣಕಾರರು ಮರುಗುತ್ತಾರೆ. ಆಟಿಯ ಮಳೆಯಲ್ಲಿ ಮಗನನ್ನು ಮನೆಮನೆಗೆ ಕಳಿಸದೆ ಶಾಲೆಗೆ ಕಳಿಸಿದ ನಲಿಕೆಯ ತಂದೆಯೂ ತನ್ನ ಮಗುವನ್ನು ಮಾರಿಯಿಂದ ಕಾಯುತ್ತಿದ್ದಾನೆ. ಅಂಥವನೊಬ್ಬನನ್ನು ಕರೆದು ಶಾಲು ಹೊದಿಸಿದ ಆಟಿಯ ಸಭೆಯನ್ನು ನಾನಿನ್ನೂ ನೋಡಿಲ್ಲ.