ಒಂದು ಪದಕ್ಕೆ ಎರಡನೇ ಅರ್ಥ ಬಂದಾಗ

ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ ಹೊಸ ಆವೃತ್ತಿಯಲ್ಲಿ ಬಂದಾಗ ಜೊತೆಗೊಂದು ಪ್ರಕಟಣೆ ಬರುತ್ತದೆ. ಅದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ನಾನು ಓದುತ್ತೇನೆ. ಭಾಷೆಯೊಂದು ದಿನಾಂಕ ಹಾಕಿ ತನ್ನ ವ್ಯಾಕರಣವನ್ನು ತಿದ್ದಿಕೊಳ್ಳುವುದು ಬೇರೆಲ್ಲಿ ನೋಡಸಿಗುತ್ತದೆ?

ರಸ್ಟ್ ಭಾಷೆಯನ್ನೇ ತೆಗೆದುಕೊಳ್ಳಿ. 2015ರ ಮೇ ತಿಂಗಳಲ್ಲಿ 1.0 ಬಂದಾಗ ಅದು ಒಂದು ಮಾತು ಕೊಟ್ಟಿತು: ಇಂದು ಬರೆದದ್ದು ನಾಳೆಯ ಕಂಪೈಲರಿನಲ್ಲೂ ನಡೆಯುತ್ತದೆ. ಅಲ್ಲಿಂದೀಚೆಗೆ ಆರು ವಾರಕ್ಕೊಂದು ಆವೃತ್ತಿ. ಪ್ರತಿ ಬದಲಾವಣೆಯೂ ಮೊದಲು ದಿನಂಪ್ರತಿ ಹೊರಡುವ ಕರಡಿಗೆ ಸೇರಿ, ಆಮೇಲೆ ಬೀಟಾದಲ್ಲಿ ಆರು ವಾರ ಕಾದು, ಸ್ಥಿರ ಆವೃತ್ತಿಗೆ ಬರಬೇಕು. ಈ ಸಿದ್ಧತೆಯಲ್ಲಿ ನನಗೆ ಬೆರಗು ಹುಟ್ಟಿಸುವುದು 'ಕ್ರೇಟರ್' ಎಂಬ ಸಾಧನ. ಸಾರ್ವಜನಿಕವಾಗಿ ಸಿಗುವ ಸಾವಿರಾರು ರಸ್ಟ್ ಯೋಜನೆಗಳನ್ನು ಹಳೆಯ, ಹೊಸ ಕಂಪೈಲರುಗಳೆರಡಕ್ಕೂ ಉಣಿಸಿ, ಎಲ್ಲೆಲ್ಲಿ ಮುರಿಯಿತು ಎಂದು ಅದು ಪಟ್ಟಿ ಕೊಡುತ್ತದೆ. ಒಂದು ಸೂತ್ರ ತಿದ್ದುವ ಮುನ್ನ ಆ ಭಾಷೆಯ ಪುಸ್ತಕಗಳನ್ನೆಲ್ಲ ಮತ್ತೆ ಓದುವ ವ್ಯಾಕರಣಕಾರನನ್ನು ಊಹಿಸಿಕೊಳ್ಳಿ!

ಆದರೂ 2024ರ ಜುಲೈ 25ರಂದು ಬಂದ 1.80 ಎಡವಿತು. ಎಷ್ಟೋ ಯೋಜನೆಗಳು ನೆಚ್ಚಿಕೊಂಡಿದ್ದ 'ಟೈಮ್' ಎಂಬ ಲೈಬ್ರರಿಯ ಹಳೆಯ ಆವೃತ್ತಿಗಳು ಕಂಪೈಲ್ ಆಗಲಿಲ್ಲ. ಕಾರಣ ಶ್ಲೇಷೆ ಎನ್ನಬೇಕು. ಅದರಲ್ಲೊಂದು ಸಾಲು, 'ಇವನ್ನೆಲ್ಲ ಕೂಡಿಸಿ ಬಾಕ್ಸಿನಲ್ಲಿಡು' ಎನ್ನುವಂಥದ್ದು. ಎಂಥ ಬಾಕ್ಸ್ ಎಂದು ಹೇಳಿರಲಿಲ್ಲ; ಹಾಗೆ ಕೂಡಿಸಿಡಲು ಇದ್ದದ್ದು ಒಂದೇ ಬಗೆ, ಪಟ್ಟಿಯ ಬಾಕ್ಸ್. 1.80 ಪಠ್ಯದ ಬಾಕ್ಸಿಗೂ ಆ ಅವಕಾಶ ಕೊಟ್ಟಿತು. ಹಳೆಯ ಸಾಲಿನ ಒಂದಕ್ಷರವೂ ಬದಲಾಗದೆ ಅರ್ಥ ಎರಡಾಯಿತು. ಕಾವ್ಯದಲ್ಲಾದರೆ ತಲೆದೂಗುತ್ತೇವೆ, ಕಂಪೈಲರ್ ಕೈಚೆಲ್ಲಿ ಕೂರುತ್ತದೆ.

ಇದು ಕ್ರೇಟರಿನ ಕಣ್ಣು ತಪ್ಪಿಸಿ ನುಸುಳಿದ್ದಲ್ಲ. ಟೈಮ್ ಲೈಬ್ರರಿಯ 0.3.35 ಆವೃತ್ತಿಯಲ್ಲಿ ಆ ಸಾಲು ಸರಿಯಾಗಿತ್ತು. ಇಂಥ ಒಡಕನ್ನು ರಸ್ಟ್ ಯೋಜನೆಯ ನಿಯಮಗಳು ಮಾತು ತಪ್ಪಿದ್ದೆಂದು ಎಣಿಸುವುದೂ ಇಲ್ಲ. ನಿಯಮದ ಮಟ್ಟಿಗೆ ಎಲ್ಲ ಸರಿ. ಆದರೆ 'ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳಿ' ಎಂಬ ಸಲಹೆಯ ಹಿಂದೆ ಒಂದು ಗ್ರಹಿಕೆಯಿದೆ: ಪ್ರತಿ ಬರಹಕ್ಕೂ ಇನ್ನೂ ಅದನ್ನು ತಿದ್ದುತ್ತ ಕೂತಿರುವ ಲೇಖಕನೊಬ್ಬನಿದ್ದಾನೆ ಎಂದು. ಬರೆದವರು ಎಂದೋ ಎದ್ದುಹೋದ, ಬಳಸುವವರಷ್ಟೇ ಉಳಿದ ಯೋಜನೆಗಳನ್ನು ಈ ಸಲಹೆ ಮುಟ್ಟುವುದಿಲ್ಲ. ಕ್ರೇಟರ್ ಅವನ್ನೂ ಓದುತ್ತದೆ. ಓದಿದ್ದನ್ನು ಎಷ್ಟು ಮಾನ್ಯಮಾಡಬೇಕೆಂದು ನಿರ್ಧರಿಸುವವರು ಮನುಷ್ಯರು.

ಪ್ರಕಟಣೆಯ ರಚನೆಯ ಬಗ್ಗೆಯೂ ನನ್ನದೊಂದು ತಕರಾರಿದೆ. ಹೊಸ ಸೌಲಭ್ಯಗಳು ಮೊದಲಿಗೆ, ಹಳೆಯದಕ್ಕೆ ಏನಾಗುತ್ತದೆ ಎಂಬ ಟಿಪ್ಪಣಿ ಕೊನೆಯ ಹತ್ತಿರ. ಮುಂದಿನ ಆವೃತ್ತಿಯಲ್ಲಿ ಆ ಭಾಗವನ್ನು ಮೇಲಕ್ಕೆ ತರಲಿ.