ಪಾಠಶೋಧದಲ್ಲಿ ಚಿಹ್ನೆಗಳು: ಒಂದು ವಿಮರ್ಶೆ

ಗ್ರಂಥಸಂಪಾದನೆಯಲ್ಲಿ ಚಿಹ್ನೆಗಳಿಗೆ ಶಬ್ದಗಳಷ್ಟೇ ಬೆಲೆಯುಂಟು. ತ್ರುಟಿತವಾದ ಅಕ್ಷರಗಳನ್ನು ಸಂಪಾದಕರು ಚೌಕ ಕಂಸದಲ್ಲಿ ಕೊಡುತ್ತಾರೆ. ಸಂದಿಗ್ಧ ಪಾಠದ ಮುಂದೆ ಪ್ರಶ್ನಾರ್ಥಕವನ್ನಿಡುತ್ತಾರೆ. ಅಳಿದುಹೋದೆಡೆ ಚುಕ್ಕಿಗಳನ್ನು ಹಾಕುತ್ತಾರೆ. ಹೀಗೆ ಸಿದ್ಧವಾದ ಪಾಠವನ್ನೇ ಗಣಕದ ದತ್ತಸಂಚಯಕ್ಕೆ ತುಂಬಿ, ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ಶೋಧಸೂತ್ರದಿಂದ ಹುಡುಕುವ ರೂಢಿ ಈಗ ಬೆಳೆದಿದೆ. ಆ ಸೂತ್ರದಲ್ಲಿಯೂ ಇವೇ ಚಿಹ್ನೆಗಳಿವೆ. ಅರ್ಥ ಮಾತ್ರ ಬೇರೆ. ಈ ಭೇದವನ್ನು ಗಮನಿಸದೆ ನಡೆಸಿದ ಶೋಧದ ಫಲವನ್ನು ನಂಬುವಂತಿಲ್ಲ.

ಸೂತ್ರದಲ್ಲಿ ಚೌಕ ಕಂಸವೆಂದರೆ ಅದರೊಳಗಿನವುಗಳಲ್ಲಿ ಯಾವುದಾದರೂ ಒಂದು ಎಂದರ್ಥ. ಸಂಪಾದಕರು ‘ಜಿನ[ಸೇನ]’ ಎಂದು ಬರೆದುದನ್ನು ಹಾಗೆಯೇ ಸೂತ್ರವಾಗಿ ಕೊಟ್ಟರೆ, ‘ಜಿನ’ದ ಮುಂದೆ ‘ಸ’, ಏತ್ವದ ಚಿಹ್ನೆ, ‘ನ’ ಇವುಗಳಲ್ಲೊಂದು ಬಂದೆಡೆಯಲ್ಲೆಲ್ಲ ಗಣಕವು ನಿಲ್ಲುತ್ತದೆ. ‘ಜಿನನ’, ‘ಜಿನಸ್ತುತಿ’ಗಳು ದೊರೆಯುತ್ತವೆ, ಕಂಸಸಹಿತವಾದ ಆ ಪಾಠ ಮಾತ್ರ ದೊರೆಯುವುದಿಲ್ಲ. ಕಂಸಗಳ ಹಿಂದೆ ‘\’ ಎಂಬ ಓರೆಗೆರೆಯನ್ನಿಟ್ಟಾಗಲೇ ಅವು ಬರಿಯ ಕಂಸಗಳಾಗುತ್ತವೆ. ಅಂತೆಯೇ ‘?’ ಹಿಂದಿನ ವರ್ಣವು ಒಮ್ಮೆ ಇರಬಹುದು, ಇಲ್ಲದಿರಬಹುದು ಎಂದೂ, ‘*’ ಅದು ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು ಎಂದೂ ಸೂಚಿಸುತ್ತವೆ.

ಚುಕ್ಕಿಯ ತೊಡಕು ಇನ್ನೂ ಆಳವಾದುದು. ಸಾಮಾನ್ಯವಾಗಿ ಅದು ಯೂನಿಕೋಡ್‌ನ ಒಂದು ಸಂಕೇತಕ್ಕೆ ಸಲ್ಲುತ್ತದೆಯೇ ಹೊರತು ನಾವು ಎಣಿಸುವ ಅಕ್ಷರಕ್ಕಲ್ಲ. ‘ಪ.ಪ’ ಎಂಬ ಸೂತ್ರಕ್ಕೆ ‘ಪಂಪ’ ಸಿಗುತ್ತಾನೆ, ‘ಪಾಪ’ವೂ ಸಿಗುತ್ತದೆ. ಅನುನಾಸಿಕದೊಡನೆ ಬರೆದ ‘ಪಮ್ಪ’ ಸಿಗದು. ಅಲ್ಲಿ ನಡುವೆ ‘ಮ’ಕಾರ ಮತ್ತು ಹಲಂತಚಿಹ್ನೆ ಎಂಬ ಎರಡು ಸಂಕೇತಗಳಿವೆ. ‘ಪ(ಂ|ಮ್)ಪ’ ಎಂದು ಬರೆದರೆ ಎರಡು ರೂಪಗಳೂ ದೊರೆತು ‘ಪಾಪ’ ದೂರವಾಗುತ್ತದೆ.

ಸ್ಥಳನಾಮಗಳಲ್ಲಿಯೂ ಇದೇ ಪಾಡು. 1565ರ ಯುದ್ಧದಿಂದ ಪ್ರಸಿದ್ಧವಾದ ‘ತಾಳಿಕೋಟೆ’ ನಮ್ಮ ಕಣ್ಣಿಗೆ 4 ಅಕ್ಷರ. ಯೂನಿಕೋಡ್‌ನಲ್ಲಿ 8 ಸಂಕೇತ. ಓತ್ವವನ್ನು ಬಿಡಿಸಿ ದಾಖಲಿಸಿದ್ದರೆ 10. ತೆರೆಯ ಮೇಲೆ ಎರಡೂ ಒಂದೇ. ಶೋಧಕ್ಕೆ ಬೇರೆ ಬೇರೆ. ಆದಕಾರಣ ಮೊದಲು ದಾಖಲೆಯನ್ನು ಏಕರೂಪಗೊಳಿಸಬೇಕು. ಆ ಬಳಿಕ, ಜನರಾಡುವ ‘ತಾಳಿಕೋಟಿ’ಯೂ ಬೇಕೆಂದರೆ ‘ತಾಳಿಕೋಟ(ೆ|ಿ)’ ಎಂದು ಕೇಳಬೇಕು. ಹಳಗನ್ನಡ ಪಾಠಗಳಿಗೆ ‘[ರಱ]’, ‘[ಳೞ]’ ಎಂಬ ವಿಕಲ್ಪಗಳೂ ಅವಶ್ಯ.

ಇದು ಕೇವಲ ಯಂತ್ರದ ವಿಚಾರವಲ್ಲ. ಒಂದು ಪದ ಒಂದು ಕೃತಿಯಲ್ಲಿ ಪ್ರಯೋಗವಾಗಿಲ್ಲವೆಂಬ ಆಧಾರದ ಮೇಲೆ ಕಾಲನಿರ್ಣಯ, ಕರ್ತೃವಿಚಾರಗಳು ನಿಲ್ಲುವುದುಂಟು. ಸೂತ್ರಕ್ಕೆ ಸಿಗಲಿಲ್ಲವೆಂಬುದು ಗ್ರಂಥದಲ್ಲಿ ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಆದುದರಿಂದ ಚಿಹ್ನೆಗಳೊಡಗೂಡಿದ ಸಂಪಾದಿತ ಪಾಠವನ್ನು ಒಂದು ಅಂಕಣದಲ್ಲಿಯೂ, ಚಿಹ್ನೆಗಳನ್ನು ತೆಗೆದು ಏಕರೂಪಗೊಳಿಸಿದ ಶೋಧಪಾಠವನ್ನು ಮತ್ತೊಂದರಲ್ಲಿಯೂ ಇಡುವುದು ಯುಕ್ತ. ಪದಪ್ರಯೋಗದ ಅಭಾವವನ್ನು ವಾದಕ್ಕೆ ಬಳಸುವ ವಿದ್ವಾಂಸರು ತಾವು ಬಳಸಿದ ಸೂತ್ರವನ್ನೂ ಜೊತೆಯಲ್ಲಿ ಕೊಡಬೇಕು. ಪಾಠಾಂತರಗಳಂತೆ ಅದೂ ಪರೀಕ್ಷೆಗೆ ಒಳಗಾಗಬೇಕಾದುದೇ.